ಅಪ್‌ಡೇಟ್: 'ಈ ಹುದ್ದೆಗೆ ನಾನು ತಕ್ಕವಳಾ' ಎಂದು ಕೇಳಿದ್ದೆನಲ್ಲ

ಯಾದಗಿರಿಯಲ್ಲಿ ಲಸಿಕೆ ಕಾರ್ಯಕ್ರಮದ ಹೊಣೆ ಸಿಕ್ಕಿದೆ, ಸಭೆಯಲ್ಲಿ ಬಾಯಿ ತೆರೆಯಲು ಭಯ, ನನಗೇನೂ ಗೊತ್ತಿಲ್ಲ ಅಂತ ಯಾರಾದರೂ ಕಂಡುಹಿಡಿದರೆ ಏನು ಗತಿ ಎಂದು ಹಿಂದೆ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ನೀವು ಹೇಳಿದ ಇಂಪೋಸ್ಟರ್ ಸಿಂಡ್ರೋಮ್ ಬಗ್ಗೆ ಓದಿದೆ. ಸಾಧನೆ ಮಾಡಿದ್ದರೂ ಅದೆಲ್ಲ ಬರೀ ಅದೃಷ್ಟ, ನನಗೆ ಯೋಗ್ಯತೆ ಇಲ್ಲ, ಒಂದು ದಿನ ಸಿಕ್ಕಿಬೀಳುತ್ತೇನೆ ಎನ್ನುವ ಭಯವೇ ಅದು. ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲೇ ಇದನ್ನು ಬರೆದಿದ್ದಾರೆ. ಇಂಥ ಹೆಂಗಸರು ಗುಂಪಿನಲ್ಲಿ ಕೂತು ಮಾತಾಡಿದರೆ ಒಳ್ಳೆಯದು ಎಂಬುದೂ ಅದರಲ್ಲಿದೆ. ಅದನ್ನೇ ಮಾಡಿದೆವು. ಬೀದರ್, ಕಲಬುರಗಿಯ ಗೆಳತಿಯರ ಜೊತೆ ಈಗ ಆಗಾಗ ಫೋನಿನಲ್ಲಿ ಸೇರುತ್ತೇವೆ. ತುಂಬಾ ಧೈರ್ಯವಂತರು ಎಂದು ನಾನು ಅಂದುಕೊಂಡಿದ್ದ ಹಿರಿಯರಿಗೂ ಇದೇ ಭಯ ಇದೆ!

ಆದರೆ ಇದು ಬರೀ ಮನಸ್ಸಿನ ತೊಂದರೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿ ನೋಡಿ. ಜಗತ್ತಿನ ಆರೋಗ್ಯ ಕೆಲಸಗಾರರಲ್ಲಿ ಸುಮಾರು 70% ಮಹಿಳೆಯರು, ಹಿರಿಯ ಸ್ಥಾನಗಳಲ್ಲಿ 25% ಮಾತ್ರ. ಕೋಣೆಯಲ್ಲಿ ನಮ್ಮಂಥವರೇ ಕಡಿಮೆ ಇದ್ದರೆ ಅಳುಕು ಬರುತ್ತದೆ, ಅಲ್ವಾ?

ಕಳೆದ ಸಭೆಯಲ್ಲಿ ಮಾತಾಡಿದೆ. ಇಲ್ಲಿಂದ ಬೆಂಗಳೂರು, ಮುಂಬೈಗೆ ಗುಳೆ ಹೋಗುವವರ ಮಕ್ಕಳಿಗೆ 16ರಿಂದ 24 ತಿಂಗಳೊಳಗೆ ಹಾಕಬೇಕಾದ ದಡಾರ-ರುಬೆಲ್ಲಾ ಎರಡನೇ ಡೋಸ್ ತಪ್ಪಿಹೋಗುತ್ತದೆ. ಹಬ್ಬಕ್ಕೆ ಊರಿಗೆ ಬಂದಾಗಲೇ ಶಿಬಿರ ಇಡೋಣ ಎಂದೆ. ಹಳ್ಳಿ ಹಳ್ಳಿ ತಿರುಗಿದ ವರ್ಷಗಳಿಂದ ಬಂದ ತಿಳಿವಳಿಕೆ ಅದು, ಅದೃಷ್ಟವಲ್ಲ. ಒಪ್ಪಿದರು. ಈಗ ಆಶಾ ಕಾರ್ಯಕರ್ತೆಯರ ಜೊತೆ ಪಟ್ಟಿ ಮಾಡುತ್ತಿದ್ದೇನೆ.

ಎದೆ ಈಗಲೂ ಢವಢವ ಅನ್ನುತ್ತದೆ, ಆದರೂ ಮಾತಾಡುತ್ತೇನೆ. ರಾಯಚೂರು ಕಡೆಯವರು ಯಾರಾದರೂ ಇದ್ದರೆ ನಮ್ಮ ಜೊತೆ ಸೇರಿಕೊಳ್ಳಿ.