ಕಾಲಿನ ಪಟ್ಟುಗಳನ್ನು ಎಲ್ಲಿಂದ ಕಲಿಯಲಿ?

ಪ್ರಶ್ನೆ: ನೆಲದ ಮೇಲೆ ಪಟ್ಟು ಹಾಕಿ ಎದುರಾಳಿಯನ್ನು ಸೋಲಿಸುವ ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ ಈಚೆಗೆ ಬ್ಲೂ ಬೆಲ್ಟ್ (ಬಿಳಿ ಬೆಲ್ಟ್‌ನ ನಂತರದ ದರ್ಜೆ) ಬಂತು. ಕತ್ತು, ತೋಳಿನ ಪಟ್ಟುಗಳು ಒಂದಿಷ್ಟು ಕೈಗೆ ಹತ್ತಿವೆ. ಕಾಲಿಗೆ ಹಾಕುವ ಲಾಕ್‌ಗಳೆಂದರೆ ಮಾತ್ರ ನನಗೂ ಭಯ, ಜೊತೆಗಾರರಿಗೂ ಭಯ. ಕಲಿತವರು ದಯವಿಟ್ಟು ದಾರಿ ಹೇಳಿ.

ಉತ್ತರ: ಸ್ಟ್ರೇಟ್ ಆಂಕಲ್ ಲಾಕ್‌ನಿಂದ (ಪಾದದ ಕೀಲನ್ನು ತಿರುಚದೆ ನೇರವಾಗಿ ಹಿಗ್ಗಿಸುವ ಪಟ್ಟು) ಶುರು ಮಾಡಿ, ಆದರೆ ಪಾದದ ಆಸೆಯನ್ನು ಸದ್ಯಕ್ಕೆ ಬಿಡಿ. ಮೊದಲ ವರ್ಷವೆಲ್ಲ ನಾನು ಪಾದ ಕಂಡೊಡನೆ ಬಾಚಿಕೊಂಡು ಹಿಂದಕ್ಕೆ ಬೀಳುತ್ತಿದ್ದೆ. ಎದುರಿನವರು ಮಂಡಿ ಎಳೆದುಕೊಂಡು ಸಲೀಸಾಗಿ ಮೈಮೇಲೆ ಬರುತ್ತಿದ್ದರು. ಮಂಡಿ ನಿಮ್ಮ ತೊಡೆಗಳ ನಡುವೆ ಸಿಕ್ಕಿಬಿದ್ದರೆ ಮಾತ್ರ ಪಾದ ನಿಮ್ಮದು. ಆದ್ದರಿಂದ ಆಶಿ ಗರಾಮಿಯಲ್ಲಿ (ಎದುರಿನವರ ಒಂದು ಕಾಲನ್ನು ನಿಮ್ಮೆರಡೂ ಕಾಲುಗಳಿಂದ ಹೆಣೆದು ಹಿಡಿಯುವ ಭಂಗಿ) ಕುಳಿತು, ಲಾಕ್ ಹಾಕದೆ, ಕಾಲನ್ನು ಉಳಿಸಿಕೊಳ್ಳುವುದನ್ನಷ್ಟೇ ಅಭ್ಯಾಸ ಮಾಡಿ. ಅವರು ಬಿಡಿಸಿಕೊಳ್ಳಲಿ, ನೀವು ಬಿಡಬೇಡಿ. ನಾನು ಎರಡು ತಿಂಗಳು ಇದೊಂದನ್ನೇ ಮಾಡಿದೆ. ಬೇಸರ ಬಂದದ್ದು ನಿಜ, ಕೈ ಕುದುರಿದ್ದೂ ಆಗಲೇ.

ಲಾಕ್ ಹಾಕುವಾಗ ಮುಂದೋಳಿನ ಎಲುಬಿನ ಅಂಚು ಹಿಮ್ಮಡಿಗೆ ತುಸು ಮೇಲೆ, ಅಕಿಲಿಸ್ ಸ್ನಾಯುರಜ್ಜುವಿನ ಮೇಲೆ ಕೂರಬೇಕು. ಮೀನಖಂಡದವರೆಗೆ ಏರಿತೋ, ಬರೀ ಹಿಸುಕಿದಂತಾಗುತ್ತದೆ. ಅವರ ಪಾದ ನಿಮ್ಮ ಕಂಕುಳಲ್ಲಿ ಸಿಕ್ಕಿಕೊಳ್ಳಲಿ, ಮೊಣಕೈ ಪಕ್ಕೆಗೆ ಅಂಟಿರಲಿ. ತೋಳಿನಿಂದ ಎಳೆಯಬೇಡಿ, ಎದೆ ಅರಳಿಸಿ ಬೆನ್ನನ್ನು ಹಿಂದಕ್ಕೆ ಬಾಗಿಸಿ.

ಇನ್ನೊಬ್ಬರ ಉತ್ತರ: ಹೀಲ್ ಹುಕ್‌ನಲ್ಲಿ ಹಿಡಿದು ತಿರುಚುವುದು ಹಿಮ್ಮಡಿಯನ್ನು, ಹರಿಯುವುದು ಮಂಡಿಯ ಅಸ್ಥಿರಜ್ಜು. ನೋವಿನ ಸುಳಿವು ಸಿಗುವ ಹೊತ್ತಿಗೆ ಅನೇಕ ವೇಳೆ ಪೆಟ್ಟು ಬಿದ್ದಾಗಿರುತ್ತದೆ. ನನಗೂ ನೋಯಲಿಲ್ಲ. ಬಿಡಿಸಿಕೊಳ್ಳೋಣವೆಂದು ತಪ್ಪು ದಿಕ್ಕಿಗೆ ಹೊರಳಿದೆ, ಮಂಡಿಯೊಳಗೆ ಬಟ್ಟೆ ಹರಿದಂಥ ಸದ್ದು ಕೇಳಿತು. ಏಳು ತಿಂಗಳು ಮ್ಯಾಟ್ ಹತ್ತಲಿಲ್ಲ. ಹಿಮ್ಮಡಿ ಸಿಕ್ಕಿದೆ, ಮಂಡಿ ಅಲುಗುತ್ತಿಲ್ಲ ಎಂದಾದರೆ ಆಗಲೇ ಟ್ಯಾಪ್ ಮಾಡಿ (ಕೈಯಿಂದ ತಟ್ಟಿ ಸೋಲೊಪ್ಪಿಕೊಳ್ಳಿ). ಹಾಕುವವರು ನೀವಾದರೆ ಹಿಡಿದು ತೋರಿಸಿ ಬಿಟ್ಟುಬಿಡಿ, ತಿರುಚಬೇಡಿ. ಇದನ್ನು ಜೊತೆಗಾರರೊಂದಿಗೆ ಮೊದಲೇ ಮಾತನಾಡಿಕೊಳ್ಳಿ. ಹೊಸಬರ ಮೇಲಂತೂ ಬೇಡವೇ ಬೇಡ.

ಮತ್ತೊಬ್ಬರ ಉತ್ತರ: ಸ್ಪರ್ಧೆಯ ಯೋಚನೆಯಿದ್ದರೆ ನಿಯಮ ಓದಿಕೊಳ್ಳಿ. ಐಬಿಜೆಜೆಎಫ್ (ಅಂತರರಾಷ್ಟ್ರೀಯ ಬ್ರೆಜಿಲಿಯನ್ ಜಿಯು-ಜಿಟ್ಸು ಒಕ್ಕೂಟ) ಪಂದ್ಯಗಳಲ್ಲಿ ಕಾಲಿನ ಲಾಕ್‌ಗಳ ಪೈಕಿ ಬ್ಲೂ ಬೆಲ್ಟ್‌ನವರಿಗೆ ಇರುವುದು ಸ್ಟ್ರೇಟ್ ಆಂಕಲ್ ಲಾಕ್ ಒಂದೇ. ಮಂಡಿಯನ್ನು ಹಿಗ್ಗಿಸುವ ನೀಬಾರ್, ಬೆರಳ ಕಡೆಯಿಂದ ಪಾದ ತಿರುಚುವ ಟೋ ಹೋಲ್ಡ್ ಬ್ರೌನ್ ಬೆಲ್ಟ್‌ನಿಂದ. ಹೀಲ್ ಹುಕ್‌ಗೆ 2021ರಿಂದ ಅವಕಾಶ ಸಿಕ್ಕಿತಾದರೂ ಅದು ಗೀ (ಜಿಯು-ಜಿಟ್ಸುವಿನ ದಪ್ಪ ಅಂಗಿ-ಪ್ಯಾಂಟು) ತೊಡದ ವಿಭಾಗದಲ್ಲಿ, ವಯಸ್ಕ ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟ್‌ಗಳಿಗೆ ಮಾತ್ರ. ಗೀ ಇಲ್ಲದೆ ಆಡುವ ಎಡಿಸಿಸಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಹೀಲ್ ಹುಕ್‌ಗೆ ಅಡ್ಡಿಯಿಲ್ಲ. ನಿಮ್ಮ ಹಂತದಲ್ಲಿ ಎಚ್ಚರ ಬೇಕಾದದ್ದು ನೀ ರೀಪಿಂಗ್ ಬಗ್ಗೆ: ನಿಮ್ಮ ಕಾಲು ಎದುರಾಳಿಯ ತೊಡೆ ದಾಟಿ ಅವರ ಮಂಡಿಯನ್ನು ಒಳಕ್ಕೆ ಒತ್ತಿದರೆ ಅಲ್ಲಿಗೆ ಪಂದ್ಯದಿಂದ ಹೊರಗೆ. ಆಶಿ ಗರಾಮಿಯ ಅಭ್ಯಾಸದಲ್ಲೇ ಹೊರಗಿನ ಪಾದವನ್ನು ಅವರ ಸೊಂಟದ ಮೇಲಿಟ್ಟು, ಹೊಕ್ಕುಳ ದಾಟದಂತೆ ರೂಢಿಸಿಕೊಳ್ಳಿ.