ಏಳು ದಿನಗಳ ಶಿಬಿರ ಮುಗಿದ ಮೇಲೆ ಏನು? ತಾಂಡಾ ಮತ್ತು ಕೂಲಿಕಾರರ ಓಣಿಯಲ್ಲಿ ಕಾಲೇಜಿನ ಕೆಲಸದ ಬಗ್ಗೆ ಸಲಹೆ ಬೇಕಾಗಿದೆ

ಪ್ರಶ್ನೆ: ವರದಾತೀರ (ಹಾವೇರಿ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಪ್ರಥಮ ದರ್ಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಎರಡು ವರ್ಷಗಳಿಂದ ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿಯ ಹೊಣೆಯೂ ನನ್ನ ಮೇಲಿದೆ. ಕಳೆದ ಫೆಬ್ರುವರಿಯಲ್ಲಿ ನಮ್ಮ ಐವತ್ತು ವಿದ್ಯಾರ್ಥಿಗಳು ಒಂದು ಲಂಬಾಣಿ ತಾಂಡಾದಲ್ಲಿ ಏಳು ದಿನಗಳ ವಿಶೇಷ ಶಿಬಿರ ನಡೆಸಿದರು. ಗಟಾರ ತೆಗೆದೆವು, ಲಂಬಾಣಿಗಳ ಗುರು ಸೇವಾಲಾಲರ ಗುಡಿಯ ಸುತ್ತ ಸಸಿ ನೆಟ್ಟೆವು, ಆರೋಗ್ಯ ತಪಾಸಣೆ ಮಾಡಿಸಿದೆವು, ಸಂಜೆಗೊಂದು ಉಪನ್ಯಾಸ ಇಟ್ಟೆವು. ಸಮಾರೋಪದ ದಿನ ಮುಖ್ಯ ಅತಿಥಿಗಳ ಭಾಷಣ ನಡೆದಿರುವಾಗ, ಪೆಂಡಾಲಿನ ಅಂಚಿನಲ್ಲಿ ಕುಳಿತಿದ್ದ ಒಬ್ಬ ಅಜ್ಜಿ ನನ್ನ ಸೆರಗು ಹಿಡಿದು, "ಬಿ.ಪಿ. ಗುಳಿಗಿ ಹದಿನೈದು ದಿನದ್ದು ಕೊಟ್ಟಾರಬೇ. ಹದಿನಾರನೇ ದಿನ ಯಾರ ಕಡೆ ಹೋಗ್ಲಿ?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಮೇ ತಿಂಗಳಲ್ಲಿ ಹೋಗಿ ನೋಡಿದರೆ ನೆಟ್ಟ ಸಸಿಗಳಲ್ಲಿ ಎರಡು ಬೇವು ಮಾತ್ರ ಬದುಕಿದ್ದವು. ವರದಿಯಲ್ಲಿ ಮಾತ್ರ ಶಿಬಿರ 'ಯಶಸ್ವಿ'.

ಈಗ ಪ್ರಾಚಾರ್ಯರು ಮುಂದಿನ ಎರಡು ವರ್ಷಗಳ ಯೋಜನೆ ಕೇಳಿದ್ದಾರೆ. ಸಮುದಾಯ ತೊಡಗುವಿಕೆಗೆ ಎರಡು ಕ್ರೆಡಿಟ್ ಕೊಡಬೇಕೆಂಬ ಯುಜಿಸಿಯ ಮಾರ್ಗಸೂಚಿಯೂ ಮೇಜಿನ ಮೇಲಿದೆ, ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನದಡಿ ಐದು ಹಳ್ಳಿಗಳನ್ನು ದತ್ತು ಪಡೆಯುವ ಕಡತವೂ ಇದೆ. ನನಗೆ ತೋಚಿರುವುದು ಎರಡು ದಾರಿ. ಒಂದು, ಅದೇ ತಾಂಡಾಕ್ಕೆ ಮತ್ತೆ ಹೋಗುವುದು. ಇನ್ನೊಂದು, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಒಂದು ಓಣಿಯನ್ನು ಆರಿಸಿಕೊಂಡು ಅಲ್ಲಿಯೇ ನೆಲೆ ನಿಲ್ಲುವುದು. ಯಾವುದನ್ನು ಹಿಡಿಯಬೇಕು, ಅಲ್ಲಿ ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ಅನುಭವ ಉಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಸಪ್ತಾಪುರದ ಮಾಸ್ತರು (ಧಾರವಾಡ)

ಮೇಡಂ ಅವರೇ, ನಿಮ್ಮ ಅಜ್ಜಿಯ ಪ್ರಶ್ನೆಯನ್ನು ನನಗೂ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆಯವರು ಕೇಳಿದ್ದಾರೆ. ನಿವೃತ್ತನಾಗಿರುವುದರಿಂದ ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ನಾನು ನಡೆಸಿದ ಹೆಚ್ಚಿನ ಶಿಬಿರಗಳಿಂದ ವಿದ್ಯಾರ್ಥಿಗಳಿಗೆ ಲಾಭವಾಯಿತು, ಊರಿಗೆ ಆದದ್ದು ಕಡಿಮೆ. ಹುಡುಗರು ರೊಟ್ಟಿ ಬಡಿಯುವುದನ್ನು ಕಲಿತರು, ಜಾತಿ ನೋಡದೆ ಒಂದೇ ಪಂಕ್ತಿಯಲ್ಲಿ ಉಂಡರು. ಅದನ್ನು ನಾನು ಸಣ್ಣದೆಂದು ಹೇಳುವುದಿಲ್ಲ. ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಈ ಯೋಜನೆ ಆರಂಭವಾದಾಗಲೂ ವಿದ್ಯಾರ್ಥಿಯ ವ್ಯಕ್ತಿತ್ವ ರೂಪಿಸುವುದೇ ಅದರ ಮೊದಲ ಉದ್ದೇಶವಾಗಿತ್ತು. ಆದರೆ ಊರಿನವರಿಗೆ ನಾವು ಹೇಳಿ ಬರುವುದು ಬೇರೆ. ನಿಮ್ಮ ಸೇವೆಗೆ ಬಂದಿದ್ದೇವೆ ಎನ್ನುತ್ತೇವೆ.

ಶಿಬಿರವನ್ನು ಸ್ವಲ್ಪ ಮರೆತು ಲೆಕ್ಕ ಹಾಕಿರಿ. ಒಬ್ಬ ಸ್ವಯಂಸೇವಕ ಎರಡು ವರ್ಷಗಳಲ್ಲಿ 240 ಗಂಟೆ, ಅಂದರೆ ವರ್ಷಕ್ಕೆ 120 ಗಂಟೆ ದುಡಿಯಬೇಕೆಂಬ ನಿಯಮವಿದೆ. ನೂರು ಜನರ ಒಂದು ಘಟಕಕ್ಕೆ ಅದು ವರ್ಷಕ್ಕೆ 12,000 ಗಂಟೆ. ಈ ಗಂಟೆಗಳನ್ನು ನಾವು ಜಾಥಾ, ದಿನಾಚರಣೆ ಮತ್ತು ಕಾಲೇಜಿನ ಆವರಣದ ಕಸ ಗುಡಿಸುವುದರಲ್ಲಿ ಕಳೆಯುತ್ತೇವೆ. ಅದರ ಕಾಲು ಭಾಗವನ್ನಾದರೂ ಒಂದೇ ಓಣಿಗೆ, ವಾರಕ್ಕೊಮ್ಮೆ, ಒಂದೇ ಕಟ್ಟೆಯ ಮೇಲೆ, ಒಂದೇ ಹೊತ್ತಿಗೆ ಕೊಟ್ಟು ನೋಡಿರಿ.

ನನ್ನ ಕೊನೆಯ ಮೂರು ವರ್ಷ ನಾನು ಮಾಡಿದ್ದು ಇಷ್ಟೇ. ಒಂದು ಉದ್ದನೆಯ ರಿಜಿಸ್ಟರ್ ಕೊಂಡೆ. ಬಂದವರ ಹೆಸರು, ಯಾವ ಕಾಗದದ ತೊಂದರೆ, ಯಾವ ಕಚೇರಿಗೆ ಹೋಯಿತು, ಏನಾಯಿತು ಎಂದು ನಾಲ್ಕು ಮನೆ ಗೆರೆ ಎಳೆಸಿದೆ. ನಾಲ್ಕನೆಯ ಮನೆ ಖಾಲಿ ಉಳಿಯಬಾರದೆಂಬುದೊಂದೇ ಕಟ್ಟುನಿಟ್ಟು. ಮೊದಲ ತಿಂಗಳಲ್ಲೇ ತಿಳಿದದ್ದೇನೆಂದರೆ, ನಮ್ಮ ಕಡೆಯ ಅರ್ಧ ತಕರಾರು ಹೆಸರಿನದು. ಆಧಾರದಲ್ಲಿ ರತ್ನವ್ವ, ಪಡಿತರ ಚೀಟಿಯಲ್ಲಿ ರತ್ನಮ್ಮ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ರತ್ನಾ. ಮೂವರೂ ಒಬ್ಬಳೇ ಎಂದು ನಂಬಿಸುವುದಕ್ಕೆ ಆ ತಾಯಿ ಎಷ್ಟು ದಿನದ ಕೂಲಿ ಬಿಟ್ಟು ಅಲೆದಿದ್ದಳೋ! 'ಅವ್ವ'ನನ್ನು 'ಅಮ್ಮ' ಮಾಡಿದ ಗುಮಾಸ್ತನಿಗೆ ಅದೊಂದು ಶಿಷ್ಟಾಚಾರ ಎನಿಸಿರಬೇಕು.

ಉತ್ತರ 2: ನವನಗರದ ಕರಿಕೋಟು (ಹುಬ್ಬಳ್ಳಿ)

ಮಾಸ್ತರ ರಿಜಿಸ್ಟರಿಗೆ ನನ್ನ ಒಪ್ಪಿಗೆಯಿದೆ. ವಿದ್ಯಾರ್ಥಿಯಾಗಿದ್ದಾಗ ಕಾನೂನು ನೆರವು ಕೇಂದ್ರದಲ್ಲಿ ಕುಳಿತವನಾದ್ದರಿಂದ ಕೆಲವು ವಿಷಯ ಸೇರಿಸುತ್ತೇನೆ.

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಮಿನಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು. ಇವರಿಗೆ ಆದಾಯದ ಮಿತಿ ಅಡ್ಡ ಬರುವುದಿಲ್ಲ. ಹಾಗಿದ್ದರೂ ನಮ್ಮ ಕೇಂದ್ರಕ್ಕೆ ಬರುತ್ತಿದ್ದ ಹೆಣ್ಣುಮಕ್ಕಳು ಮೊದಲು ಕೇಳುತ್ತಿದ್ದುದು "ಫೀ ಎಷ್ಟರೀ?" ಎಂದೇ. ನಿಮ್ಮ ವಿದ್ಯಾರ್ಥಿಗಳು ಸಲಹೆ ಕೊಡಲು ಹೋಗಬಾರದು. ವಿಷಯವನ್ನು ಗುರುತಿಸಿ, ಅರ್ಜಿ ಬರೆದುಕೊಟ್ಟು, ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯವರೆಗೆ ಜೊತೆಗೆ ಹೋಗಬೇಕು. 15100 ಸಹಾಯವಾಣಿಯ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸಬಹುದು. ಆದರೆ ನಮ್ಮ ಜನ ಗೋಡೆಗಿಂತ ಗುರುತಿನವರನ್ನು ಹೆಚ್ಚು ನಂಬುತ್ತಾರೆ.

ತಾಂಡಾಕ್ಕೆ ಹೋಗುವುದಾದರೆ ಮನೆಗಳ ಹಕ್ಕುಪತ್ರದ ಸ್ಥಿತಿಯನ್ನು ಮೊದಲು ತಿಳಿಯಿರಿ. ಭೂಸುಧಾರಣಾ ಕಾಯ್ದೆಗೆ ಸೇರಿಸಿದ 38ಎ ಕಲಮಿನಿಂದ ಖಾಸಗಿ ಜಮೀನಿನಲ್ಲಿರುವ, ದಾಖಲೆಯಿಲ್ಲದ ತಾಂಡಾ, ಹಟ್ಟಿ, ಹಾಡಿಗಳ ನಿವಾಸಿಗಳಿಗೆ ಅವರು ವಾಸಿಸುವ ಮನೆಯ ಹಕ್ಕು ದೊರೆಯುವ ದಾರಿಯಾಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಹಕ್ಕುಪತ್ರ ವಿತರಣೆಯಾದದ್ದು ಸುದ್ದಿಯಾಗಿತ್ತು. ನಿಮ್ಮ ತಾಂಡಾ ಸರ್ಕಾರಿ ದಾಖಲೆಯಲ್ಲಿ ಪ್ರತ್ಯೇಕ ಊರಾಗಿ, ಅಂದರೆ ಕಂದಾಯ ಗ್ರಾಮವಾಗಿ ಸೇರಿದೆಯೇ, ಪತ್ರ ಬಂದವರ ಹೆಸರಿನಲ್ಲಿ ಗ್ರಾಮ ಪಂಚಾಯಿತಿಯ ಖಾತೆ ಆಗಿದೆಯೇ ಎಂದು ಮನೆಮನೆಗೆ ಕೇಳಿ ಪಟ್ಟಿ ಮಾಡಿದರೆ, ಅದು ಸಸಿ ನೆಡುವುದಕ್ಕಿಂತ ದೊಡ್ಡ ಕೆಲಸ.

ಒಂದು ಎಚ್ಚರಿಕೆ. ಆಧಾರ್ ಕಾರ್ಡಿನ ಫೋಟೋ ವಿದ್ಯಾರ್ಥಿಗಳ ಮೊಬೈಲಿನಲ್ಲಿ ಉಳಿಯಬಾರದು, ಯಾರ ಒಟಿಪಿಯನ್ನೂ ಅವರು ಕೇಳಬಾರದು. ನಾನು ಕಂಡ ಒಂದು ಶಿಬಿರದಲ್ಲಿ ಇಡೀ ಓಣಿಯ ದಾಖಲೆಗಳು ಒಂದು ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿದವು. ಯಾರದೂ ದುರುದ್ದೇಶವಿರಲಿಲ್ಲ. ಆದರೂ ಆ ಓಣಿಯವರು ಮುಂದೆ ಕಾಲೇಜಿನ ಹುಡುಗರಿಗೆ ಬಾಗಿಲು ತೆರೆಯಲಿಲ್ಲ.

ಉತ್ತರ 3: ಗೋರ್ ಹುಡುಗಿ (ಗದಗ ಜಿಲ್ಲೆ)

ನಾನು ತಾಂಡಾದಲ್ಲಿ ಹುಟ್ಟಿ ಬೆಳೆದವಳು, ಈಗ ಸಂಶೋಧನಾ ವಿದ್ಯಾರ್ಥಿನಿ. ಸಣ್ಣವಳಿದ್ದಾಗ ನಮ್ಮ ತಾಂಡಾದಲ್ಲಿಯೂ ಇಂತಹ ಶಿಬಿರ ನಡೆದಿತ್ತು. ಹಾಗಾಗಿ ಪೆಂಡಾಲಿನ ಆ ಬದಿಯಿಂದ ಬರೆಯುತ್ತಿದ್ದೇನೆ. ಮೇಡಂ ಅವರು ಬೇಸರ ಮಾಡಿಕೊಳ್ಳಬಾರದು.

ಫೆಬ್ರುವರಿಯಲ್ಲಿ ತಾಂಡಾದಲ್ಲಿ ಯಾರಿರುತ್ತಾರೆ? ಸುಗ್ಗಿ ಮುಗಿಸಿ, ದೀಪಾವಳಿ ಮಾಡಿ, ದುಡಿಯುವ ಕೈಗಳೆಲ್ಲ ಕಬ್ಬು ಕಡಿಯಲು, ಗೋವಾ ಮತ್ತು ಮಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗಿರುತ್ತವೆ. ಉಳಿದಿರುವುದು ನೀವು ಕಂಡ ಅಜ್ಜಿಯಂಥವರು, ಅವರ ಮಡಿಲಿಗೆ ಬಿಟ್ಟುಹೋದ ಮಕ್ಕಳು. ಬೀಗ ಹಾಕಿದ ಮನೆಗಳ ಮುಂದಿನ ಗಟಾರವನ್ನು ನಿಮ್ಮ ಐವತ್ತು ವಿದ್ಯಾರ್ಥಿಗಳು ತೆಗೆದರು. ನೀವು ಎರಡನೆಯ ಸೆಮಿಸ್ಟರಿನ ಲೆಕ್ಕದಲ್ಲಿ ಬಂದಿರಿ, ನಾವು ಕೂಲಿಗೆ ಕರೆದೊಯ್ಯುವ ಮುಕಾದಮನ ಮುಂಗಡದ ಲೆಕ್ಕದಲ್ಲಿ ಹೋದೆವು. ಎಲ್ಲರೂ ಊರಲ್ಲಿರುವುದು ಮಳೆಗಾಲದಲ್ಲಿ, ಆಮೇಲೆ ದೀಪಾವಳಿಗೆ. ಆಗ ಮದುವೆಯಾಗದ ಹುಡುಗಿಯರು ಹೂ ತಂದು ಮನೆಮನೆಗೆ ಹೋಗಿ ಹಬ್ಬದ ಹಾಡಾದ ಮೇರಾ ಹಾಡುತ್ತಾರೆ. ಹೋಳಿಗೂ ಆದಷ್ಟು ಜನ ಬರುತ್ತಾರೆ. ಹಕ್ಕುಪತ್ರದ ಪಟ್ಟಿಯನ್ನಾಗಲಿ, ಹೆಸರಿನ ತಿದ್ದುಪಡಿಯನ್ನಾಗಲಿ ಆಗ ಮಾಡಬೇಕು. ದೀಪಾವಳಿಗೆ ಕಾಲೇಜಿಗೆ ರಜೆ ಎಂಬುದು ನನಗೂ ಗೊತ್ತು.

ವಲಸೆ ಹೋಗುವವರಿಗೆ ನಿಜವಾಗಿ ಬೇಕಾದ ಮಾಹಿತಿ ಹೊರಡುವ ಮುಂಚೆ ಬೇಕು. ಪಡಿತರವನ್ನು ಬೇರೆ ಊರಿನ, ಬೇರೆ ರಾಜ್ಯದ ಅಂಗಡಿಯಲ್ಲೂ ಪಡೆಯಬಹುದೆಂದು ನಮ್ಮ ಕಾಕಾನಿಗೆ ಐದು ವರ್ಷ ತಿಳಿದಿರಲಿಲ್ಲ. ಕಟ್ಟಡ ಕಾರ್ಮಿಕರ ಕಾರ್ಡಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಅದನ್ನು ಅಲ್ಲಿಯ ಗುತ್ತಿಗೆದಾರನಿಂದ ಅಲ್ಲಿರುವಾಗಲೇ ಬರೆಸಿಕೊಳ್ಳಬೇಕು, ಊರಿಗೆ ಬಂದ ಮೇಲೆ ಅವನು ಫೋನ್ ಎತ್ತುವುದಿಲ್ಲ.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಆ ಶಿಬಿರದ ಸಮಾರೋಪದಲ್ಲಿ ನನ್ನ ಅವ್ವನಿಗೆ ಪೇಟಿಯಾ, ಕಾಂಚಳಿ (ನಮ್ಮ ಲಂಗ, ಕುಪ್ಪಸ) ಹಾಕಿಕೊಂಡು ಅತಿಥಿಗಳ ಮುಂದೆ ಕುಣಿಯಲು ಹೇಳಿದರು. ಅವ್ವ ಆ ಹೊತ್ತಿಗೆ ನನ್ನ ಶಾಲೆಯ ಟಿ.ಸಿ. ಬಗ್ಗೆ ಕೇಳಬೇಕೆಂದು ಬಂದಿದ್ದಳು, ಕುಣಿದು ಹೋದಳು, ಕೇಳಲಿಲ್ಲ. ನಮ್ಮ ಮಕ್ಕಳು ಮನೆಯಲ್ಲಿ ಲಂಬಾಣಿ ಭಾಷೆಯಾದ ಗೋರ್‌ಬೋಲಿ ಆಡುತ್ತಾರೆ, ಒಂದನೇ ತರಗತಿಯಲ್ಲಿ ಏಕಾಏಕಿ ಕನ್ನಡ ಎದುರಾಗುತ್ತದೆ. ನಿಮ್ಮ ಕಾಲೇಜಿನಲ್ಲೇ ತಾಂಡಾದಿಂದ ಬಂದ ಹುಡುಗಿಯರು ಇದ್ದೇ ಇರುತ್ತಾರೆ. ಆ ಮಕ್ಕಳಿಗೆ ಸಂಜೆ ಎರಡೂ ಭಾಷೆಯಲ್ಲಿ ಪಾಠ ಹೇಳುವ ಕೆಲಸವನ್ನು ಅವರಿಗೆ ಒಪ್ಪಿಸಿ, ಆ ಎರಡು ಕ್ರೆಡಿಟ್ ಅವರಿಗೆ ಕೊಡಿರಿ.

ಉತ್ತರ 4: ಕೌಂಟರ್ ಆಚೆಯವನು (ಧಾರವಾಡ ಜಿಲ್ಲೆ)

ನಾನು ಕಂದಾಯ ಇಲಾಖೆಯಲ್ಲಿದ್ದೇನೆ. ಅಕ್ಕಾವರು ಹೇಳಿದ ವಲಸೆಯ ಮಾತಿಗೆ ನಮ್ಮ ಕಡೆಯ ಸಾಕ್ಷಿ ಕೊಡುತ್ತೇನೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದ ಮೇಲೆ ಗ್ರಾಮ ಆಡಳಿತಾಧಿಕಾರಿಯ ವರದಿ ಬೇಕಾಗುತ್ತದೆ. ಅವರು ಹೋದಾಗ ಮನೆಗೆ ಬೀಗವಿದ್ದರೆ ಅರ್ಜಿ ತಿರಸ್ಕೃತವಾಗುವುದುಂಟು. ಆ ಪತ್ರದ ಮೇಲಿನ ಕ್ರಮಸಂಖ್ಯೆಯಾದ ಆರ್‌ಡಿ ಸಂಖ್ಯೆ ಇಲ್ಲದೆ ಮಗಳ ವಿದ್ಯಾರ್ಥಿವೇತನದ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಹತ್ತಿರವಾದಾಗ ಓಡಿ ಬರುವುದಕ್ಕಿಂತ ಜೂನ್, ಜುಲೈನಲ್ಲಿಯೇ ಅರ್ಜಿ ಹಾಕಿಸಿರಿ. ಕೊಡುವ ಸ್ವೀಕೃತಿಯನ್ನು ಜೋಪಾನ ಮಾಡಿಸಿರಿ, ಅದರಲ್ಲಿ ಸಕಾಲ ಸಂಖ್ಯೆ ಇರುತ್ತದೆ. 2011ರ ಸಕಾಲ ಕಾಯ್ದೆಯಂತೆ ನಿಗದಿತ ದಿನಗಳೊಳಗೆ ಕೆಲಸವಾಗದಿದ್ದರೆ ಮೇಲ್ಮನವಿಗೆ ಆಧಾರವಾಗುವುದು ಆ ಸಂಖ್ಯೆಯೇ.

ಒಂದು ವಿನಂತಿಯೂ ಇದೆ. ಶಿಬಿರದ ಕೊನೆಯ ದಿನ ಎಪ್ಪತ್ತು ಅರ್ಜಿಗಳ ಗಂಟು ಕಟ್ಟಿ, ಫೋಟೋಗ್ರಾಫರನ ಸಮೇತ ಕೌಂಟರಿಗೆ ಬರಬೇಡಿರಿ. ವಾರಕ್ಕೆ ಐದು ತನ್ನಿರಿ, ಸರಿಯಾಗಿ ತುಂಬಿ ತನ್ನಿರಿ. ಮತ್ತು ನಿಮ್ಮ ಹುಡುಗರು ಜನರ ಪರವಾಗಿ ಬರುವ ಬದಲು ಜನರ ಜೊತೆಗೆ ಬರಲಿ. ಮುಂದಿನ ಸಲ ಅವರು ಒಬ್ಬರೇ ಬರುವಂತಾಗಬೇಕಲ್ಲವೇ?

ಪ್ರಶ್ನೆ ಕೇಳಿದವರಿಂದ: ವರದಾತೀರ

ಎಲ್ಲರಿಗೂ ಕೃತಜ್ಞತೆಗಳು. ಮೂರನೆಯ ಉತ್ತರ ಓದಿ ನಾಚಿಕೆಯಾಯಿತು. ನಾವೂ ಸಮಾರೋಪದಲ್ಲಿ ನೃತ್ಯ ಇಟ್ಟಿದ್ದೆವು.

ಕಳೆದ ವಾರ ನಾಲ್ವರು ವಿದ್ಯಾರ್ಥಿನಿಯರೊಂದಿಗೆ ಬ್ಯಾಡಗಿಯ ಆ ಓಣಿಗೆ ಹೋಗಿದ್ದೆ, ಏನನ್ನೂ ಹಂಚಲಿಲ್ಲ, ಸುಮ್ಮನೆ ಕುಳಿತೆವು. ಬಾಗಿಲ ಮುಂದೆ ತಾಡಪತ್ರಿಯ ಮೇಲೆ ಕಾಯಿ ಸುರಿದುಕೊಂಡು, ಮೂಗಿಗೆ ಸೆರಗು ಕಟ್ಟಿ, ಕೈ ಉರಿಯಬಾರದೆಂದು ಎಣ್ಣೆ ಸವರಿಕೊಂಡು ತೊಟ್ಟು ಮುರಿಯುತ್ತಿದ್ದರು. ಕೂಲಿ ಕಿಲೋ ಲೆಕ್ಕದಲ್ಲಿ, ಹೀಗಾಗಿ ಮಾತನಾಡುವಾಗಲೂ ಬೆರಳು ನಿಲ್ಲುವುದಿಲ್ಲ. ನಮ್ಮ ಒಬ್ಬ ವಿದ್ಯಾರ್ಥಿನಿ ಅರ್ಧ ಗಂಟೆ ಬಿಡಿಸಿ, ಮರೆತು ಕಣ್ಣು ಉಜ್ಜಿಕೊಂಡು ಅತ್ತಳು. ಓಣಿಯೆಲ್ಲ ನಕ್ಕಿತು, ಆಮೇಲೆ ಮಾತು ಸಲೀಸಾಯಿತು. ಅವರು ಹೇಳಿದ ಮೊದಲ ತೊಂದರೆ ನಾನು ಊಹಿಸಿರದಂಥದ್ದು. ವರ್ಷಾನುಗಟ್ಟಲೆ ತೊಟ್ಟು ಮುರಿದು ಹೆಬ್ಬೆರಳಿನ ಗೆರೆ ಸವೆದುಹೋಗಿದ್ದು, ಪಡಿತರ ಅಂಗಡಿಯ ಯಂತ್ರದಲ್ಲಿ ಹೆಬ್ಬೆಟ್ಟು ಬೀಳುವುದಿಲ್ಲ. ಕೆಲವರು ಒಂದೇ ತಿಂಗಳಲ್ಲಿ ಮೂರು ಸಲ ಹೋಗಿ ಬರುತ್ತಾರೆ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ಕಾರ್ಡಿನ ಹೆಸರನ್ನು ಕೇಳಿದವರು ಇಬ್ಬರು.

ಹಾಗಾಗಿ ಓಣಿಯನ್ನೇ ಹಿಡಿಯುತ್ತೇವೆ. ಮೆಣಸಿನಕಾಯಿಯ ಸುಗ್ಗಿ ಜನವರಿಯಿಂದ ಮೇವರೆಗೆ, ಆ ತಿಂಗಳುಗಳಲ್ಲಿ ಅವರೂ ಓಣಿಯಲ್ಲಿರುತ್ತಾರೆ, ನಾವೂ ಕಾಲೇಜಿನಲ್ಲಿರುತ್ತೇವೆ. ಪೇಟೆ ಇರುವ ಸೋಮವಾರ, ಗುರುವಾರ ಬೇಡ, ಬುಧವಾರ ಸಂಜೆ ಆರರ ಮೇಲೆ ಬನ್ನಿ ಎಂದು ಅವರೇ ಗೊತ್ತು ಮಾಡಿಕೊಟ್ಟಿದ್ದಾರೆ. ಮೊದಲ ಕೆಲಸ ಹೆಬ್ಬೆಟ್ಟಿನದು: ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸುವುದು, ಮೊಬೈಲ್ ಸಂಖ್ಯೆ ಜೋಡಿಸುವುದು. ಐದು ಹಳ್ಳಿಗಳ ದತ್ತು ಸದ್ಯಕ್ಕೆ ಬೇಡವೆಂದು ಪ್ರಾಚಾರ್ಯರಿಗೆ ಹೇಳಿದ್ದೇನೆ. ಅವರಿಗೆ ಪೂರ್ತಿ ಸಮ್ಮತಿಯಿಲ್ಲ.

ತಾಂಡಾದಿಂದ ಬರುವ ನಮ್ಮ ಮೂವರು ವಿದ್ಯಾರ್ಥಿನಿಯರು ಸಂಜೆಯ ಪಾಠಕ್ಕೆ ಒಪ್ಪಿದ್ದಾರೆ, ಆದರೆ ಅವರವರ ತಾಂಡಾದಲ್ಲಿ ಮಾತ್ರ. ಅಜ್ಜಿಯನ್ನು ನೋಡಲು ಭಾನುವಾರ ನಾನೊಬ್ಬಳೇ ಹೋಗಿದ್ದೆ. ಆಶಾ ಕಾರ್ಯಕರ್ತೆಯೇ ಅವರನ್ನು ಪಕ್ಕದ ಊರಿನ ಉಪಕೇಂದ್ರಕ್ಕೆ ಕರೆದೊಯ್ದು ಹೆಸರು ಬರೆಸಿದ್ದರು. ಬಿ.ಪಿ. ಗುಳಿಗೆ ಅಲ್ಲಿ ತಿಂಗಳು ತಿಂಗಳು ಪುಕ್ಕಟೆ ಸಿಗುತ್ತದೆ. ಏಳು ದಿನ ಅಲ್ಲಿಯೇ ಉಂಡು ಮಲಗಿದ ನಮ್ಮ ಐವತ್ತೊಂದು ಜನರಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ.