ಟೀಚರ್‌ಗೆ ಕೇಳಿ: ಫ್ಲೋರಿಡಾ ಶಾಲೆಗಳಲ್ಲಿ ಕಪ್ಪು ಜನರ ಇತಿಹಾಸ

ಅಡ್ಮಿನ್: ಈ ವಾರ ನಮ್ಮ ಫ್ಲೋರಿಡಾ ಕನ್ನಡ ಪೋಷಕರ ಗುಂಪಿನಲ್ಲಿ ಉತ್ತರ ಕೊಡುವವರು ಇಲ್ಲಿನ ಹೈಸ್ಕೂಲಿನಲ್ಲಿ ಅಮೆರಿಕದ ಇತಿಹಾಸ ಕಲಿಸುವ ಮೇಡಂ. ಪ್ರಶ್ನೆ ಮಾತ್ರ ಹಾಕಿ, ಫಾರ್ವರ್ಡ್ ಬೇಡ.

ಟ್ಯಾಂಪಾ ಅಪ್ಪ: ನಮಸ್ಕಾರ ಮೇಡಂ. ಇಲ್ಲಿ ಕಪ್ಪು ಜನರ ಇತಿಹಾಸದ ಪಾಠವನ್ನೇ ಬ್ಯಾನ್ ಮಾಡಿದ್ದಾರಂತೆ, ಹೌದಾ?

ಟೀಚರ್: ನಮಸ್ಕಾರ. ಇಲ್ಲ. ಕಲಿಸಲೇಬೇಕು ಎನ್ನುವ ಕಾನೂನು 1994ರಿಂದ ಇದೆ. ಜಗಳ ಇರುವುದು ಹೇಗೆ ಕಲಿಸಬೇಕು ಎನ್ನುವುದಕ್ಕೆ. 'ಸ್ಟಾಪ್ ವೋಕ್' ಅಂತ ಹೆಸರಾದ 2022ರ ಕಾನೂನಿದೆಯಲ್ಲ, ಹಿಂದಿನವರು ಮಾಡಿದ ತಪ್ಪಿಗೆ ಈಗಿನ ಮಗು ತನ್ನ ಜನಾಂಗದ ಕಾರಣಕ್ಕೆ ಕುಗ್ಗಬೇಕು ಎಂದು ಕಲಿಸಬಾರದು ಎನ್ನುತ್ತದೆ. ಓದಿದರೆ ಸರಿಯೇ ಅನಿಸುತ್ತದೆ. ಆದರೆ ಯಾವ ಪಾಠಕ್ಕೆ ಯಾವ ಮಗು ಕುಗ್ಗೀತೋ, ಯಾರು ದೂರು ಕೊಟ್ಟಾರೋ ಎಂದು ಎಷ್ಟೋ ಟೀಚರ್‌ಗಳು ಸುಮ್ನೆ ಪುಟ ತಿರುಗಿಸಿ ಮುಂದೆ ಹೋಗುತ್ತಾರೆ.

ಮಯಾಮಿ ಅಮ್ಮ: ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದಲ್ಲಿ ಓದುವ ಎಪಿ ಕೋರ್ಸುಗಳಿವೆಯಲ್ಲ, ಅದರಲ್ಲಿ ಆಫ್ರಿಕನ್ ಅಮೆರಿಕನ್ ಸ್ಟಡೀಸ್ ತಗೋಬಹುದಾ?

ಟೀಚರ್: 2023ರ ಜನವರಿಯಲ್ಲೇ ರಾಜ್ಯ ಅದನ್ನು ಬೇಡ ಅಂದಿದೆ.

ಒರ್ಲ್ಯಾಂಡೊ ಅಮ್ಮ: ಏಳನೇ ಕ್ಲಾಸಿನ ಮಗ ಊಟಕ್ಕೆ ಕೂತಾಗ, 'ಗುಲಾಮರಿಗೂ ಲಾಭ ಆಯ್ತಲ್ಲಮ್ಮ, ಕಮ್ಮಾರಿಕೆ ಕಲಿತರು' ಅಂದ. ಏನು ಹೇಳಬೇಕೋ ತೋಚಲಿಲ್ಲ.

ಟೀಚರ್: ಬೈಯಬೇಡಿ, ಅವನು ಪಾಠ ಕೇಳಿಸಿಕೊಂಡಿದ್ದಾನೆ. 2023ರ ಜುಲೈನಲ್ಲಿ ರಾಜ್ಯದ ಶಿಕ್ಷಣ ಮಂಡಳಿ ಒಪ್ಪಿದ ಪಠ್ಯಕ್ರಮದಲ್ಲಿ, ಆರರಿಂದ ಎಂಟನೇ ಕ್ಲಾಸಿನವರಿಗೆ, ಗುಲಾಮರು ಕಲಿತ ಕೆಲಸಗಳು ಕೆಲವೊಮ್ಮೆ ಅವರ ಸ್ವಂತ ಲಾಭಕ್ಕೂ ಒದಗಬಹುದಿತ್ತು ಎನ್ನುವ ವಿವರಣೆ ಇದೆ. ಮಗನಿಗೆ ಒಂದೇ ಪ್ರಶ್ನೆ ಕೇಳಿ: ಕೂಲಿ ಯಾರ ಕೈಗೆ ಹೋಗುತ್ತಿತ್ತು?

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್, ಗುಲಾಮರಾಗಿದ್ದಾಗ, ಬಾಲ್ಟಿಮೋರ್‌ನಲ್ಲಿ ಹಡಗಿನ ಹಲಗೆಗಳ ಸಂದಿ ಮುಚ್ಚುವ ಕೆಲಸ ಕಲಿತರು. ದಿನಕ್ಕೆ ಒಂದೂವರೆ ಡಾಲರ್‌ವರೆಗೂ ದುಡಿದರು. ವಾರದ ಕೊನೆಗೆ ಅಷ್ಟನ್ನೂ ಯಜಮಾನ ಹ್ಯೂ ಆಲ್ಡ್ ಮುಂದೆ ಇಡಬೇಕು. ಆರು ಡಾಲರ್ ತಂದರೆ ಆತ ಒಮ್ಮೊಮ್ಮೆ ಆರು ಸೆಂಟ್ ಕೊಡುತ್ತಿದ್ದನಂತೆ, ಹುರುಪು ಬರಲಿ ಅಂತ! ಇದನ್ನು ಡಗ್ಲಸ್ ಅವರೇ ಬರೆದಿದ್ದಾರೆ. ಅವರಿಗೆ ಅಕ್ಷರ ಹೇಳಿಕೊಡಲು ಹೊರಟ ತನ್ನ ಹೆಂಡತಿಯನ್ನು ತಡೆದವನೂ ಇದೇ ಆಲ್ಡ್.

ಇನ್ನೊಂದು. ಎಲ್ಲವನ್ನೂ ಇಲ್ಲಿಗೆ ಬಂದೇ ಕಲಿತರು ಅನ್ನುವುದು ಸುಳ್ಳು. ಪಶ್ಚಿಮ ಆಫ್ರಿಕಾದಲ್ಲಿ ಭತ್ತ ಬೆಳೆಯುತ್ತಿದ್ದ ಜನರನ್ನು ಹಿಡಿದು ತಂದು ಸೌತ್ ಕ್ಯಾರೊಲೈನಾದ ಗದ್ದೆಗೆ ಇಳಿಸಿದರು. ಕಮ್ಮಾರಿಕೆಯೂ ಆಫ್ರಿಕಾದಲ್ಲಿ ಮೊದಲೇ ಇತ್ತು.

ಜಾಕ್ಸನ್‌ವಿಲ್ ಅಂಕಲ್: ಆ ಪಠ್ಯಕ್ರಮ ಮಾಡಿದ ಗುಂಪಿನಲ್ಲಿ ವಿಲಿಯಂ ಅಲೆನ್ ಇದ್ದರು. ಅವರೇ ಕಪ್ಪು ಪ್ರಾಧ್ಯಾಪಕರು. ಅದನ್ನೂ ಹೇಳಿ ಮೇಡಂ.

ಟೀಚರ್: ಹೌದು, ಇದ್ದರು, ಸಮರ್ಥನೆಯನ್ನೂ ಕೊಟ್ಟರು. ಗುಲಾಮರಾಗಿದ್ದು ಕೆಲಸ ಕಲಿತು ಲಾಭ ಪಡೆದವರು ಅಂತ ಜೊತೆಗೆ ಕೊಟ್ಟ ಹೆಸರುಗಳಲ್ಲಿ ಕಮ್ಮಾರ ಅಂತ ಲೂಯಿಸ್ ಲ್ಯಾಟಿಮರ್ ಹೆಸರಿತ್ತು. ಲ್ಯಾಟಿಮರ್ ಮ್ಯಾಸಚೂಸೆಟ್ಸ್‌ನಲ್ಲಿ ಸ್ವತಂತ್ರರಾಗಿಯೇ ಹುಟ್ಟಿದವರು, ನಕ್ಷೆ ಬರೆಯುವ ಕೆಲಸದವರು.

ನೇಪಲ್ಸ್ ಅಪ್ಪ: ಫಾರ್ವರ್ಡ್ ಆಗಿ ಬಂದದ್ದು 👇 'ಈ ಪತ್ರಕ್ಕೆ ಸಹಿ ಹಾಕಿ ಶಾಲೆಗೆ ಕೊಡಿ. ನಿಮ್ಮ ಮಗುವಿಗೆ ಸಿಆರ್‌ಟಿ ಕಲಿಸುವ ಹಾಗಿಲ್ಲ.'

ಟೀಚರ್: ದಯವಿಟ್ಟು ಹಾಕಬೇಡಿ. ಸಿಆರ್‌ಟಿ ಅಂದರೆ ಕ್ರಿಟಿಕಲ್ ರೇಸ್ ಥಿಯರಿ, ವರ್ಣಭೇದ ಕಾನೂನು, ವ್ಯವಸ್ಥೆಯೊಳಗೇ ಬೆರೆತಿದೆ ಎಂದು ಕಾನೂನು ಪ್ರಾಧ್ಯಾಪಕ ಡೆರಿಕ್ ಬೆಲ್ ಅಂಥವರು ಲಾ ಕಾಲೇಜಿನಲ್ಲಿ ಬೆಳೆಸಿದ ವಾದ. ನಿಮ್ಮ ಮೂರನೇ ಕ್ಲಾಸಿನ ಮಗುವಿಗೆ ಅದನ್ನು ಯಾರೂ ಹೇಳಿಕೊಡುತ್ತಿಲ್ಲ. ಯಾರೋ ಎಲ್ಲೋ ಬರೆದ ಕಾಗದಕ್ಕೆ ಸಹಿ ಹಾಕಿದರೆ ಮಗುವಿಗೆ ಯಾವ ಪಾಠ ತಪ್ಪುತ್ತದೋ ನಿಮಗೇ ಗೊತ್ತಿರುವುದಿಲ್ಲ.

ಟ್ಯಾಂಪಾ ಅಪ್ಪ: ನಮಗ್ಯಾಕೆ ಈ ಗಲಾಟೆ? ನಾವು ಓದಿ, ಕಷ್ಟಪಟ್ಟು ಬಂದವರು.

ಗೇನ್ಸ್‌ವಿಲ್ ಅಕ್ಕ: 1923ರಲ್ಲಿ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದ್ದಕ್ಕೆ, ನೀನು ಬಿಳಿಯನಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತ್ತು. ಆಮೇಲೂ ವರ್ಷಕ್ಕೆ ನೂರು ಭಾರತೀಯರಿಗಷ್ಟೇ ಜಾಗ. ನಮಗೆ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಕಪ್ಪು ಜನ ಬೀದಿಗಿಳಿದು ಒದೆ ತಿಂದ ಕಾಲದಲ್ಲೇ ಅದು ಬಂದದ್ದು. ನಿಮ್ಮ ಎಚ್1ಬಿ ಆಕಾಶದಿಂದ ಉದುರಲಿಲ್ಲ.

ಟ್ಯಾಂಪಾ ಅಪ್ಪ: ನೀವು ಯಾವ ಪಕ್ಷ ಅಂತ ಗೊತ್ತಾಯ್ತು ಬಿಡಿ.

ಜಾಕ್ಸನ್‌ವಿಲ್ ಅಂಕಲ್: ಊರಲ್ಲೂ ಇದೇ ಕಥೆ. 2022ರಲ್ಲಿ ಒಂದು ಸರ್ಕಾರ ಪಠ್ಯಪುಸ್ತಕ ತಿದ್ದಿತು, 2023ರಲ್ಲಿ ಇನ್ನೊಂದು ಬಂದು ಅದನ್ನೇ ತಿದ್ದಿತು.

ಗೇನ್ಸ್‌ವಿಲ್ ಅಕ್ಕ: ಅಂಕಲ್, ಮಾತು ತಿರುಗಿಸಬೇಡಿ.

ಸರಸೋಟಾ ಅಮ್ಮ: ನಡುವೆ ಬಂದೆ, ಕ್ಷಮಿಸಿ. ನಾಳೆ ಸ್ಕೂಲಲ್ಲಿ ಮಗಳು ರೂಬಿ ಬ್ರಿಡ್ಜಸ್ ಆಗಬೇಕು. ನಮ್ಮ ಛದ್ಮವೇಷದ ಹಾಗೆ ಮುಖಕ್ಕೆ ಕಪ್ಪು ಬಣ್ಣ ಹಚ್ಚಿದರೆ ಆಗುತ್ತಾ?

ನೇಪಲ್ಸ್ ಅಪ್ಪ: ಪ್ರೈವೇಟ್ ಸ್ಕೂಲಿಗೂ ಈ ಪಠ್ಯಕ್ರಮ ಇದೆಯಾ?

ಮಯಾಮಿ ಅಮ್ಮ: ಎಪಿ ಬಗ್ಗೆ ಯಾರಾದರೂ ಹೇಳ್ತೀರಾ?

ಟೀಚರ್: ಮೇಲೆ ಓದಿ.

ಟ್ಯಾಂಪಾ ಅಪ್ಪ: ಟೀಚರ್‌ಗಳೇ ಹೀಗೆ ಸಿಡುಕಿದರೆ ಮಕ್ಕಳ ಗತಿ ಏನು?

ಅಡ್ಮಿನ್: ಸಾಕು. ಕಾಮೆಂಟ್ ಮುಚ್ಚುತ್ತಿದ್ದೇನೆ.

ಟೀಚರ್: ಒಂದು ನಿಮಿಷ ತಡೀರಿ. ಸರಸೋಟಾದವರೇ, ಬಣ್ಣ ಬೇಡ. ಬೇಡವೇ ಬೇಡ! ಕಪ್ಪು ಜನರನ್ನು ಆಡಿಕೊಳ್ಳಲು ಬಿಳಿಯ ನಟರು ಹೀಗೆಯೇ ಮಸಿ ಬಳಿದುಕೊಂಡು ಕುಣಿಯುತ್ತಿದ್ದರು, ಇಲ್ಲಿ ಯಾರೂ ಅದನ್ನು ಮರೆತಿಲ್ಲ. 1960ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆರು ವರ್ಷದ ಕಪ್ಪು ಹುಡುಗಿ ರೂಬಿ ಸರ್ಕಾರದ ಮಾರ್ಷಲ್‌ಗಳ ಕಾವಲಲ್ಲಿ ಅದುವರೆಗೆ ಬಿಳಿಯರಿಗಷ್ಟೇ ಇದ್ದ ಶಾಲೆಗೆ ಹೋದಳು ಅಂತ ಮಗಳೇ ಎರಡು ಮಾತು ಹೇಳಲಿ. ಫ್ರಾಕು, ಸ್ಕೂಲ್ ಬ್ಯಾಗು ಸಾಕು.